ವರ್ಜಿಲ್ ಆರಿಸಿದ ಬೆಳ್ಳಿ ಫೋರ್ಕು

ರಗಳೆ ಶುರುವಾದದ್ದು ಕೊರಿನ್‌ಳ ದವಡೆ ಹಲ್ಲಿನಿಂದ. ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು ಬಂದವಳ ಕೆನ್ನೆ ಬನ್ನಿನ ಹಾಗೆ ಊದಿತ್ತು. ಬಾಯಿ ತೆರೆಯಲಾಗದೆ, ತನ್ನನ್ನು ಮದುವೆಯಾಗಲಿದ್ದ ವರ್ಜಿಲ್‌ಗೆ ಚೀಟಿ ಬರೆದುಕೊಟ್ಟಳು: "ಒಡಮ್ ಅಂಗಡಿಗೆ ಹೋಗಿ ಊಟದ ಬೆಳ್ಳಿ ಚಮಚ-ಫೋರ್ಕು ಸೆಟ್ಟಿನ ಡಿಸೈನು ನೀನೇ ಆರಿಸು. ಯಾರ ಮಾತೂ ಕೇಳ್ಬೇಡ. ನನ್ನನ್ನ ಎಷ್ಟು ಅರ್ಥ ಮಾಡ್ಕೊಂಡಿದೀಯ, ನೋಡ್ತೀನಿ."

ವರ್ಜಿಲ್ ಚೀಟಿಯನ್ನು ಎರಡು ಸಲ ಓದಿದ. ಅಲಬಾಮಾದ ಆ ಪುಟ್ಟ ಊರಿನಲ್ಲಿ ಒಡಮ್ ಅಂಗಡಿಯ ಮದುವೆ ಪುಸ್ತಕದಲ್ಲಿ ಡಿಸೈನು ಬರೆಸಿದರೆ ಮುಗಿಯಿತು. ಒಬ್ಬರು ಚಮಚ, ಒಬ್ಬರು ಚಾಕು ಅಂತ ಊರೇ ಅದೇ ಡಿಸೈನಿನದನ್ನು ಉಡುಗೊರೆ ಕೊಡುತ್ತದೆ, ಸಾಯುವತನಕ ಅದರಲ್ಲೇ ತಿನ್ನಬೇಕು. ಅದೂ ಅಲ್ಲದೆ, ಎರಡು ವರ್ಷದ ಹಿಂದೆ ಕೊರಿನ್ ಡಾಲ್ಟನ್ ಎಂಬುವನ ಜೊತೆಗಿನ ಮದುವೆಯನ್ನು ಇನ್ನೊಂದು ವಾರವಿದೆ ಎನ್ನುವಾಗ ಮುರಿದುಕೊಂಡವಳು. ಆ ಪಟ್ಟಿಗೆ ತಾನೂ ಸೇರಿಬಿಟ್ಟರೆ ಎಂದು ವರ್ಜಿಲ್‌ಗೆ ಭಯ.

ಅಂಗಡಿಯಲ್ಲಿ ಮಿಸೆಸ್ ಒಡಮ್ ಹದಿನಾಲ್ಕು ಫೋರ್ಕುಗಳನ್ನು ಸಾಲಾಗಿ ಇಟ್ಟಳು. ವರ್ಜಿಲ್‌ಗೆ ಹದಿನಾಲ್ಕೂ ಫೋರ್ಕಿನ ಹಾಗೇ ಕಂಡವು.

"ಹಿಡಿ ಮೇಲೆ ಹುಡುಗಿಯ ತವರುಮನೆ ಹೆಸರಿನ ಅಕ್ಷರಾನೇ ಕೆತ್ತೋದು, ಗೊತ್ತಲ್ಲಪ್ಪ? ಗಂಡಂದಿರು ಬರ್ತಾರೆ, ಹೋಗ್ತಾರೆ," ಎಂದಳು.

ಅವನು ಸಾದಾ ಫೋರ್ಕೊಂದನ್ನು ಎತ್ತಿಕೊಂಡ.

"ಅದಾ? ಆಸ್ಪತ್ರೇಲಿ ಊಟದ ಜೊತೆ ಕೊಡೋದರ ಹಾಗಿದೆ," ಎಂದಳು ಹಿಂದಿನಿಂದ ಅಂಚೆ ಕಚೇರಿಯ ಮಿಸ್ ಯೂಲಾ. "ಗುಲಾಬಿ ಬಳ್ಳಿದು ತಗೋ ಮಗಾ. ನಿನ್ನ ಹುಡುಗಿಗೆ ಅದು ತುಂಬಾ ಇಷ್ಟ. ನಾ ಬಲ್ಲೆ."

ಪಾದ್ರಿಯ ಹೆಂಡತಿ ಬಂದಳು. "ಗುಲಾಬಿ ಬಳ್ಳಿ ಬಿಟ್ಟು ಇನ್ನೇನಿದೆ?" ಎಂದಳು. ಅವಳ ನಾದಿನಿಯೂ ಅದನ್ನೇ ಅಂದಳು. ಚರ್ಚಿನ ಬಾಗಿಲಿನ ಬಣ್ಣಕ್ಕೆ ಆರು ವರ್ಷ ಜಗಳವಾಡಿದ್ದ ಹೆಂಗಸರು ಇವರು. ಇವರೆಲ್ಲ ಒಂದೇ ಮಾತು ಆಡುತ್ತಿದ್ದಾರೆಂದರೆ ದೇವರೇ ಆಡಿಸುತ್ತಿರಬೇಕು ಎಂದುಕೊಂಡ ವರ್ಜಿಲ್, ಚೀಟಿಯನ್ನು ಮರೆತು ಪುಸ್ತಕಕ್ಕೆ ಸಹಿ ಹಾಕಿದ. ಹೆಂಗಸರು ಅವಸರವಾಗಿ ಮನೆಗೆ ಹೊರಟರು.

ಮಧ್ಯಾಹ್ನ ಅವನು ಕೊರಿನ್‌ಳ ಮನೆಗೆ ಹೋದಾಗ ಜಗಲಿಯ ಮೇಲೆ ಆಗಲೇ ಒಂಬತ್ತು ಪೊಟ್ಟಣ. ಅವುಗಳ ನಡುವೆ ಕೂತಿದ್ದ ಕೊರಿನ್ ಚೀಟಿ ಚಾಚಿದಳು: "ಹದಿನಾಲ್ಕರಲ್ಲಿ ನಾನು ಡಾಲ್ಟನ್ ಜೊತೆ ಹೋಗಿ ಆರಿಸಿದ್ದೇ ಬೇಕಾಗಿತ್ತಾ ನಿನಗೆ?"

ಆಗ ವರ್ಜಿಲ್‌ಗೆ ಹೊಳೆಯಿತು. ಮದುವೆ ಮುರಿದಾಗ ಕೊರಿನ್ ಎಲ್ಲರ ಉಡುಗೊರೆಯನ್ನೂ ಹಿಂದಿರುಗಿಸಿದ್ದಳು. ಅವಳ ಅಕ್ಷರ ಕೆತ್ತಿದ್ದನ್ನು ಅಂಗಡಿ ವಾಪಸು ತೆಗೆದುಕೊಳ್ಳದು, ಬೇರೆ ಹುಡುಗಿಗೆ ಕೊಡಲೂ ಬಾರದು. ಎರಡು ವರ್ಷದಿಂದ ಊರಿನ ಡ್ರಾಯರುಗಳೆಲ್ಲ ಇದೇ ದಿನಕ್ಕೆ ಕಾದಿದ್ದವು.

"ಈಗಲೇ ಹೋಗಿ ಪುಸ್ತಕದಲ್ಲಿ ಅದನ್ನ ಹೊಡೆದು ಹಾಕಿಸ್ತೀನಿ. ನಂಗೇನು ಗೊತ್ತಿತ್ತು? ಆ ಡಿಸೈನು ನಾನು ಕಣ್ಣಲ್ಲೂ ನೋಡಿರ್ಲಿಲ್ಲ ಕಣೇ," ಎಂದು ಅಂಗಲಾಚಿದ.

ಅಷ್ಟರಲ್ಲಿ ವರ್ಜಿಲ್‌ನ ತಾಯಿ ಪುಟ್ಟ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮುಖ ಅರಳಿತ್ತು.

"ಯೂಲಾ ಹೇಳಿದ್ಲು. ಅಂತೂ ನಿನ್ನದಕ್ಕೂ ಒಂದು ಗತಿ ಆಯ್ತಲ್ಲೋ. ನಿನ್ನ ಬೀರುವಲ್ಲೇ ಇತ್ತು."

ಡಬ್ಬಿಯಲ್ಲಿ ಗುಲಾಬಿ ಬಳ್ಳಿಯ ಸಕ್ಕರೆ ಚಮಚ. ಅಂದು "ಪುಸ್ತಕದಲ್ಲಿರೋದು ಯಾವುದಾದ್ರೂ ಕಟ್ಟಿಕೊಡಿ" ಎಂದು ಡಾಲ್ಟನ್ ಮದುವೆಗೆ ವರ್ಜಿಲ್ ತಾನೇ ತಂದು, ಬಿಚ್ಚಿಯೂ ನೋಡದೆ ಕೊಟ್ಟದ್ದು. ಜೊತೆಗೆ ಅವನದೇ ಅಕ್ಷರದಲ್ಲಿ ಒಂದು ಕಾರ್ಡು. ಅವನು ಕೈ ಚಾಚುವ ಮೊದಲೇ ಅದು ಕೊರಿನ್‌ಳ ಕೈ ಸೇರಿತ್ತು.

"ಡಾಲ್ಟನ್ ಮತ್ತು ಕೊರಿನ್‌ಗೆ. ನಿಮ್ಮಷ್ಟು ಒಪ್ಪುವ ಜೋಡಿ ಈ ಊರಲ್ಲಿ ಇನ್ನೊಂದಿಲ್ಲ. ಇಂತಿ, ವರ್ಜಿಲ್."

ಕೊರಿನ್ ಪೆನ್ಸಿಲ್ ಕೆಳಗಿಟ್ಟಳು. ಬೆಳಗಿನಿಂದ ಮುಚ್ಚಿದ್ದ ಬಾಯಿಯನ್ನು ನಿಧಾನವಾಗಿ ತೆರೆದಳು.