ಮೂರು ತಂತಿಯ ಉಪಕಾರ

ಎಗ್ಗರ್ಟ್‌ನ ಟ್ರಕ್ಕು ಹಿಂದಕ್ಕೆ ಓಡಿತು. ಆ ಶನಿವಾರದ ಅನಾಹುತಕ್ಕೆಲ್ಲ ಇಷ್ಟೇ ಕಾರಣ.

ಟ್ರಕ್ಕೆಂದರೆ ಸಾಮಾನು ಹೊರುವ ಟ್ರಕ್ಕಲ್ಲ. ರಿಮೋಟಿನಿಂದ ಓಡಿಸುವ ಮಾನ್‌ಸ್ಟರ್ ಟ್ರಕ್ಕು. ಮೈ ಬೆಕ್ಕಿನಷ್ಟು, ಗಾಲಿಗಳು ಮಾತ್ರ ಒಂದೊಂದೂ ಕುಂಬಳಕಾಯಿಯಷ್ಟು. ಮೊನ್ನೆ ಮೊನ್ನೆಯವರೆಗೆ ಅದರ ಹೊಟ್ಟೆಯಲ್ಲಿ ಪೆಟ್ರೋಲ್ ಎಂಜಿನ್ ಇತ್ತು. ಅದು ಶುರುವಾಯಿತೆಂದರೆ ತಗಡಿನ ಡಬ್ಬಿಯೊಳಗೆ ಜೇನುಹುಳುಗಳು ಆಸ್ತಿ ಪಾಲಿಗೆ ಜಗಳವಾಡಿದ ಹಾಗೆ ಕೇಳುತ್ತಿತ್ತು. ಪೇಟೆಯವರು ತುಂಡು ತುಂಡು ನೆಲ ಗುತ್ತಿಗೆ ಹಿಡಿದು ತರಕಾರಿ ಬೆಳೆಯುವ, ಲ್ಯೂಬೆಕ್ ಊರಂಚಿನ ಆ ತೋಟದ ಕಾಲೊನಿಯಲ್ಲಿ ಬೇಲಿಗೆ ಬೇಲಿ ತಾಗಿಕೊಂಡಿತ್ತು. ಒಬ್ಬರ ಟೊಮೇಟೊ ಇನ್ನೊಬ್ಬರ ಗುಡಿಸಲಿನ ಕಿಟಕಿಯಲ್ಲಿ ಇಣುಕುತ್ತಿತ್ತು. ಅಲ್ಲಿ ಸದ್ದು ಮಾಡುವುದಕ್ಕಿಂತ ದೊಡ್ಡ ಪಾಪವಿರಲಿಲ್ಲ. ಅದರಲ್ಲೂ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೌನದ ಹೊತ್ತು. ಆಗ ಸುತ್ತಿಗೆ ಏಳಬಾರದು, ಹುಲ್ಲು ಕೊಯ್ಯುವ ಯಂತ್ರ ತಿರುಗಬಾರದು, ಸೀನು ಬಂದರೂ ದಿಂಬು ಹುಡುಕಿಕೊಂಡು ಓಡಬೇಕು.

ದೂರು ಕೊಟ್ಟವರು ಓಲ್ಸೆನ್ ತಾತ. ಊಟವಾದ ಮೇಲೆ ಅವರು ಕಾಲೊನಿ ಸಂಘದ ಮನೆಯ ಮುಂದಿನ ಹುಲ್ಲಿನ ಮೇಲೆ ಆರಾಮಕುರ್ಚಿ ಹಾಕಿಕೊಂಡು ಮಲಗುವವರು. ಸೇಬು ಬಿದ್ದರೆ ಎದ್ದು ಕೂರುತ್ತಾರೆಂದು ಖ್ಯಾತಿ. ಸಂಘದ ಅಧ್ಯಕ್ಷೆ ಲೊರೆನ್ಸನ್ ಮೇಡಂ ಎಗ್ಗರ್ಟ್‌ನನ್ನು ಕರೆಸಿ ಹೇಳಿದ್ದರು:

"ಪೆಟ್ರೋಲ್ ಎಂಜಿನ್ ಇನ್ಮೇಲೆ ಬೇಡ. ಬೇರೆ ಏನಾದ್ರೂ ಹಾಕ್ಕೊಳ್ಳಿ. ಶನಿವಾರ ಮಧ್ಯಾಹ್ನ, ಮೌನದ ಹೊತ್ತಲ್ಲೇ ಓಡಿಸಿ ತೋರ್ಸಿ. ತಾತ ಏಳಲಿಲ್ಲ ಅಂದ್ರೆ ಗಾಡಿ ಇಲ್ಲೇ ಇರ್ಲಿ. ಎದ್ರೋ, ಗೇಟಿನ ಹೊರಗೆ."

ಎಗ್ಗರ್ಟ್‌ನ ಮನೆ ಇದ್ದದ್ದು ಪೇಟೆಯಲ್ಲಿ, ಮೂರನೆಯ ಮಹಡಿಯಲ್ಲಿ. ಗೇಟಿನ ಹೊರಗೆ ಎಂದರೆ ಟ್ರಕ್ಕು ಶಾಶ್ವತವಾಗಿ ಬೀರುವಿನ ಮೇಲೆ. ಭೂಮಾಪನ ಕಚೇರಿಯಿಂದ ನಿವೃತ್ತನಾದ ಮೇಲೆ ಲೋಕದಲ್ಲಿ ಅವನು ಹೇಳಿದ ಕಡೆ ತಿರುಗುತ್ತಿದ್ದುದು ಅದೊಂದೇ.

ಹೀಗಾಗಿ ಅವನು ಬ್ರಶ್‌ಲೆಸ್ ಮೋಟಾರು ತರಿಸಿದ. ಅದರೊಳಗೆ ಉಜ್ಜುವಂಥದ್ದೇನೂ ಇಲ್ಲ, ಆದ್ದರಿಂದ ಸದ್ದೂ ಇಲ್ಲದಂತೆಯೇ. ಮೋಟಾರಿನಿಂದ ಮೂರು ತಂತಿ, ವೇಗ ನಿಯಂತ್ರಿಸುವ ಪುಟ್ಟ ಡಬ್ಬಿಯಿಂದ ಮೂರು ತಂತಿ: ನೀಲಿ, ಹಳದಿ, ಕಿತ್ತಳೆ. ಶನಿವಾರ ಬೆಳಗ್ಗೆ ಎಗ್ಗರ್ಟ್ ಜೊತೆಗೆ ಬಂದ ಚಿತ್ರವನ್ನು ಮುಂದೆ ಹರಡಿಕೊಂಡು, ನೀಲಿಗೆ ನೀಲಿ, ಹಳದಿಗೆ ಹಳದಿ, ಕಿತ್ತಳೆಗೆ ಕಿತ್ತಳೆ ಸೇರಿಸಿ ಒತ್ತಿದ. ಹಲ್ಲುಚಕ್ರ ಕೂಡಿಸಿ ತಿರುಪು ಬಿಗಿದ. ಆಮೇಲೆ ರಿಮೋಟಿನ, ಬಂದೂಕಿನ ಕುದುರೆಯಂಥ ಕೊಕ್ಕೆಯನ್ನು ಬೆರಳಲ್ಲಿ ಎಳೆದ. ಎಳೆದರೆ ಮುಂದಕ್ಕೆ, ತಳ್ಳಿದರೆ ಹಿಂದಕ್ಕೆ, ಅದು ನಿಯಮ.

ಟ್ರಕ್ಕು ಬಾಣದ ಹಾಗೆ ಹಿಂದಕ್ಕೆ ಹಾರಿ ಅವನ ಹೆಂಡತಿ ವೀಬ್ಕೆಯ ಸೊಪ್ಪಿನ ಮಡಿಯಲ್ಲಿ ಕೂತಿತು.

"ಅದೇನ್ರೀ, ಅದಕ್ಕೂ ವಯಸ್ಸಾಯ್ತಾ?" ಎಂದಳು ವೀಬ್ಕೆ.

ಬೇಲಿಯ ಮೇಲೆ ಪಕ್ಕದ ತೋಟದ ಹಿನ್ನರ್ಕ್‌ನ ತಲೆ ಮೂಡಿತು. ಅವನು ಬೇಕರಿ ಇಟ್ಟುಕೊಂಡಿದ್ದವನು. ಯಾರ ಒಲೆಯಲ್ಲಿ ಏನು ಬೇಯುತ್ತಿದ್ದರೂ ಮುಚ್ಚಳ ತೆಗೆದು ನೋಡುವ ಅಭ್ಯಾಸ ಹೋಗಿರಲಿಲ್ಲ. "ಅಷ್ಟೇನಾ! ಮೂರು ತಂತೀಲಿ ಯಾವ್ದಾದ್ರೂ ಎರಡನ್ನ ಅದಲು ಬದಲು ಮಾಡೋ ಮಾರಾಯ, ಉಲ್ಟಾ ತಿರುಗುತ್ತೆ. ನನ್ನ ಹಿಟ್ಟು ಕಲಸೋ ಯಂತ್ರಾನೂ ಹಂಗೇ ಇತ್ತು."

"ಚಿತ್ರದಲ್ಲಿ ನೀಲಿಗೆ ನೀಲಿ ಇದೆ," ಎಂದ ಎಗ್ಗರ್ಟ್.

"ಚಿತ್ರ ಬರೆದವನು ನಿನ್ನ ಗಾಡಿ ನೋಡಿದ್ನಾ? ನಿಂದು ಹಳೇ ಗಾಡಿ. ಅದರಲ್ಲಿ ಮೋಟಾರು ಮುಖ ತಿರುಗಿಸ್ಕೊಂಡು ಕೂತಿದೆ ಅಷ್ಟೇ."

"ಮೂವತ್ತು ವರ್ಷ ನಕ್ಷೆ ನೋಡಿ ಬೇಲಿ ಹಾಕ್ಸಿದವನು ನಾನು. ನೆಲ ತಪ್ಪಿರಬಹುದು ಹಿನ್ನರ್ಕ್, ನಕ್ಷೆ ತಪ್ಪಲ್ಲ."

"ಹಂಗಾದ್ರೆ ಗಾಡಿ ಮೇಲಿನ ಪ್ಲಾಸ್ಟಿಕ್ ಚಿಪ್ಪನ್ನ ಹಿಂದುಮುಂದು ಮಾಡಿ ಹಾಕ್ಬಿಡ್ರೀ," ಎಂದಳು ವೀಬ್ಕೆ. "ಹಿಂದೇನೇ ಮುಂದಾಗುತ್ತೆ."

ಎಗ್ಗರ್ಟ್ ಟ್ರಕ್ಕನ್ನು ಎತ್ತಿಕೊಂಡು ಗುಡಿಸಲಿನ ಹಿಂದಕ್ಕೆ ಹೋದ. ರಿಮೋಟಿನಲ್ಲಿ ದಿಕ್ಕು ಬದಲಿಸುವ ಒಂದು ಗುಂಡಿ ಇತ್ತು, ಅದು ಮುರಿದು ವರ್ಷಗಳಾಗಿದ್ದವು. ತಂತಿ ಮುಟ್ಟುವಂತಿಲ್ಲ. ಉಳಿದದ್ದು ಒಂದೇ ದಾರಿ: ಬೆರಳನ್ನೇ ತಿದ್ದುವುದು. ತಳ್ಳಿದರೆ ಮುಂದಕ್ಕೆ, ಎಳೆದರೆ ಹಿಂದಕ್ಕೆ. ಗೊಬ್ಬರದ ಗುಂಡಿಯ ಸುತ್ತ ಅವನು ಮಗ್ಗಿ ಬಾಯಿಪಾಠ ಮಾಡುವ ಹುಡುಗನಂತೆ ಗೊಣಗುತ್ತ ಓಡಿಸಿದ. ತಳ್ಳಿದರೆ ಟ್ರಕ್ಕು ಮರ್ಯಾದಸ್ಥನಂತೆ ಮೆಲ್ಲಗೆ ಮುಂದೆ ಹೋಗುತ್ತಿತ್ತು, ಏಕೆಂದರೆ ಡಬ್ಬಿಯ ಲೆಕ್ಕದಲ್ಲಿ ಅದು ಹಿಂದಕ್ಕೆ ಹೋಗುವಾಗಿನ ನಿಧಾನದ ವೇಗ. ಮೆಲ್ಲಗಿದ್ದರೆ ಇನ್ನೂ ಒಳ್ಳೆಯದೇ. ಹನ್ನೆರಡರ ಹೊತ್ತಿಗೆ ಬೆರಳು ಪಳಗಿತು. ಈ ಗುಟ್ಟನ್ನು ಅವನು ಯಾರಿಗೂ ಹೇಳಲಿಲ್ಲ. ಟ್ರಕ್ಕನ್ನು ಸಂಘದ ಮನೆಯ ಬೆಂಚಿನ ಕೆಳಗೆ ಸಿದ್ಧವಾಗಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳಲು ಗುಡಿಸಲಿಗೆ ಹೋದ.

ಗುಂಡಿ ಹಾಕಿಕೊಳ್ಳುತ್ತ ಕಿಟಕಿಯಿಂದ ನೋಡಿದ. ವೀಬ್ಕೆ ಪ್ಲಮ್ ಕೇಕ್ ಹಿಡಿದು ಬೆಂಚಿನ ಪಕ್ಕದಲ್ಲಿ ಹಾದುಹೋದಳು. ಸ್ವಲ್ಪ ಹೊತ್ತಿನ ನಂತರ ಹಿನ್ನರ್ಕ್ ಕುರ್ಚಿಗಳನ್ನು ಹೊತ್ತುಕೊಂಡು ಹಾದುಹೋದ. ಆಮೇಲೆ ಓಲ್ಸೆನ್ ತಾತ ಬೆಂಚಿನ ಹತ್ತಿರ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಪಾಪ, ಎಷ್ಟು ಹೊತ್ತು ಹಿಡಿಯಿತೋ ಆ ಮುದುಕರಿಗೆ. ಹೋಗಿ ಸಹಾಯ ಮಾಡೋಣವೆಂದುಕೊಂಡ. ಅಷ್ಟರಲ್ಲಿ ತಾತ ಸೊಂಟ ಹಿಡಿದುಕೊಂಡು ಎದ್ದರು.

ಒಂದು ಗಂಟೆ ದಾಟಿತು. ತಾತ ಆರಾಮಕುರ್ಚಿಯಲ್ಲಿ ಒರಗಿದರು, ಗೊರಕೆ ಶುರುವಾಯಿತು. ಕಾಲೊನಿಯವರೆಲ್ಲ ತುದಿಗಾಲಲ್ಲಿ ಬಂದು ಸೇರಿದರು. ಪ್ಲಮ್ ಮರದ ಕೆಳಗೆ ಲೊರೆನ್ಸನ್ ಮೇಡಂ ಪರೀಕ್ಷೆಯಾದ ಮೇಲಿನ ಕಾಫಿಗೆ ಆಗಲೇ ಮೇಜು ಹಾಸಿದ್ದರು: ಬಿಳಿ ಬಟ್ಟೆ, ಕಪ್ಪುಗಳು, ಕಾಫಿಯ ಹೂಜಿ, ಕೇಕು, ಒಂದು ದೊಡ್ಡ ಬಟ್ಟಲಿನ ತುಂಬ ಕಡೆದ ಕೆನೆ. ಮೇಜಿನ ಮುಂದೆ ಟ್ರಕ್ಕು. ಅದರೆದುರು ನೇರ ದಾರಿ, ದಾರಿಯ ಕೊನೆಗೆ ತಾತ.

ಯಾರೋ ತಮ್ಮ ನಾಯಿಯ ಮೂತಿಯನ್ನು ಮೃದುವಾಗಿ ಹಿಡಿದುಕೊಂಡರು. ಇನ್ಯಾರೋ ಎಗ್ಗರ್ಟ್‌ನ ಬೆನ್ನು ಸವರಿದರು. ಅಧ್ಯಕ್ಷೆ ತಲೆಯಾಡಿಸಿದರು.

ಎಗ್ಗರ್ಟ್ ಕೊಕ್ಕೆಯನ್ನು ತಳ್ಳಿದ.

ಟ್ರಕ್ಕು ಮರ್ಯಾದಸ್ಥನಂತೆ, ಮೆಲ್ಲಗೆ, ಹಿಂದಕ್ಕೆ ಹೊರಟಿತು.

ಅವನು ಇನ್ನಷ್ಟು ತಳ್ಳಿದ. ಟ್ರಕ್ಕು ಇನ್ನಷ್ಟು ಹಿಂದೆ ಹೋಗಿ, ಜೋತುಬಿದ್ದ ಮೇಜಿನ ಬಟ್ಟೆಯ ಅಂಚನ್ನು ಹಿಂದಿನ ಗಾಲಿಗೆ ಸುತ್ತಿಕೊಳ್ಳತೊಡಗಿತು.

"ಎಳಿಯೋ! ಎಳಿ!" ಎಂದು ಹಿನ್ನರ್ಕ್ ಗಂಟಲಲ್ಲೇ ಕಿರುಚಿದ.

ಎಗ್ಗರ್ಟ್ ಎಳೆದ, ಬುಡದವರೆಗೂ ಎಳೆದ. ಟ್ರಕ್ಕು ಬಾಣದ ಹಾಗೆ ಮುಂದಕ್ಕೆ ಹಾರಿತು. ಅದರ ಹಿಂದೆ ಮೇಜಿನ ಬಟ್ಟೆ ಮದುಮಗಳ ಸೆರಗಿನಂತೆ ಹೊರಟಿತು. ಬಟ್ಟೆಯ ಹಿಂದೆ ಕಾಲೊನಿಯ ಸಮಸ್ತ ಕಾಫಿ ಹೊರಟಿತು.

ಆಮೇಲೆ ನಡೆದಂಥದ್ದನ್ನು ಆ ತೋಟಗಳು ಹಿಂದೆ ಕಂಡಿರಲಿಲ್ಲ. ಎಲ್ಲವೂ ಉರುಳಿತು, ಆದರೆ ಏನೂ ಸದ್ದು ಮಾಡಲಿಲ್ಲ. ಸದ್ದಾಗಲು ಯಾರೂ ಬಿಡಲಿಲ್ಲ. ಇಬ್ಬರು ಹೆಂಗಸರು ಮುಂದೆ ಹಾರಿ ಕಪ್ಪುಗಳನ್ನು ಮಡಿಲಲ್ಲಿ ಹಿಡಿದರು. ವೀಬ್ಕೆ ಸುಡುವ ಹೂಜಿಯನ್ನು ಗಾಳಿಯಲ್ಲೇ ಅಪ್ಪಿಕೊಂಡು, ತುಟಿ ಕಚ್ಚಿ, ಒಂಟಿ ಕಾಲಲ್ಲಿ ಕುಣಿದಳು. ಕೆನೆಯ ಬಟ್ಟಲು ಮೇಲೆ ಹಾರಿ, ಅರ್ಧ ಕೆನೆಯನ್ನು ಲೊರೆನ್ಸನ್ ಮೇಡಂ ಅವರ ತಲೆಗೆ ಕಿರೀಟವಾಗಿಟ್ಟು, ಉಳಿದರ್ಧವನ್ನು ದಾರಿಯುದ್ದಕ್ಕೂ ಎರಚಿಕೊಂಡು ಹೋಯಿತು. ಮೇಡಂ ಬಾಯಿ ತೆರೆದವರು, ಎಗ್ಗರ್ಟ್‌ನ ಮುಖ ನೋಡಿ, ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ಆದರೂ ಉಸಿರೆತ್ತಲಿಲ್ಲ.

ಟ್ರಕ್ಕು ತಾತನ ಕುರ್ಚಿಗೆ ಪ್ರದಕ್ಷಿಣೆ ಹಾಕಿ, ಬಟ್ಟೆಯಿಂದ ಕುರ್ಚಿಯ ಕಾಲುಗಳನ್ನು ಬಿಗಿದು, ನಿಂತಿತು.

ತಾತನ ಗೊರಕೆ ನಿಂತಿರಲಿಲ್ಲ. ಮೀಸೆಯ ಮೇಲೆ ಒಂದು ಗುಪ್ಪೆ ಕೆನೆ ಬಿದ್ದಿತ್ತು. ವೀಬ್ಕೆ ನೋಡುತ್ತಿದ್ದ ಹಾಗೆಯೇ ಒಂದು ನಾಲಿಗೆ ಮೆಲ್ಲಗೆ ಹೊರಬಂದು ಅದನ್ನು ಒರೆಸಿಕೊಂಡು ಒಳಗೆ ಹೋಯಿತು. ಕೈ ಉರಿಯಲ್ಲಿ ತನಗೆ ಹಾಗನ್ನಿಸಿತೇನೋ ಎಂದುಕೊಂಡಳು.

"ಏಳಲಿಲ್ಲ," ಎಂದು ಪಿಸುಗುಟ್ಟಿದರು ಅಧ್ಯಕ್ಷೆ, ಕರವಸ್ತ್ರ ತೆಗೆದು. "ಗಾಡಿ ಸದ್ದು ಮಾಡ್ಲಿಲ್ಲ, ಒಪ್ಕೋತೀನಿ. ಆದ್ರೆ ಎಗ್ಗರ್ಟ್ ಅವರೇ, ಇದೇನಿದು?"

"ತಳ್ಳಿದ್ರೆ ಮುಂದೆ ಹೋಗ್ಬೇಕಿತ್ತು ಮೇಡಂ! ಬೆಳಗ್ಗೆಯಿಂದ ಹಂಗೇ ಅಭ್ಯಾಸ ಮಾಡಿದೀನಿ!"

"ಹಂಗೇ ಅಂದ್ರೆ? ಉಲ್ಟಾ ಅಭ್ಯಾಸಾನಾ?" ವೀಬ್ಕೆಯ ಮುಖ ಬಿಳುಪಾಯಿತು. "ಅಯ್ಯೋ, ಒಂದು ಮಾತು ಹೇಳ್ಬಾರ್ದೇನ್ರೀ! ಎಲ್ಲರ ಮುಂದೆ ಗಾಡಿ ಹಿಂದೆ ಹೋದ್ರೆ ನಿಮಗೆ ಅವಮಾನ ಅಂತ, ಕೇಕ್ ಇಡೋಕೆ ಬರೋವಾಗ ನಾನೇ ಎರಡು ತಂತಿ ಬದಲಾಯಿಸ್ದೆ."

"ನೀನಾ?" ಹಿನ್ನರ್ಕ್ ಹಣೆ ಚಚ್ಚಿಕೊಂಡ, ಸದ್ದಾಗದಂತೆ. "ನಾನೂ ಬದಲಾಯಿಸ್ದೆ ಕಣಮ್ಮಾ! ಇವನು ಹೇಳಿದ್ರೆ ಕೇಳೋನಲ್ಲ, ಗೊತ್ತಾಗ್ದಂಗೆ ಉಪಕಾರ ಮಾಡಿದ್ರಾಯ್ತು ಅಂತ."

ಎಗ್ಗರ್ಟ್‌ಗೆ ಇಬ್ಬರ ಮೇಲೂ ಸಿಟ್ಟು ಬರಬೇಕಿತ್ತು. ಆದರೆ ಅವನು ಲೆಕ್ಕದ ಮನುಷ್ಯ. ಬೆರಳು ಮಡಿಚಿ ನೋಡಿದ. "ತಡಿರಿ. ವೀಬ್ಕೆ ಬದಲಾಯಿಸಿದಾಗ ಸರಿಯಾಯ್ತು. ನೀನು ಬದಲಾಯಿಸಿದಾಗ ಮತ್ತೆ ಮೊದಲಿನ ಹಾಗಾಯ್ತು. ಹಾಗಿದ್ರೆ ನಾನು ತಳ್ಳಿದಾಗ ಅದು ಮುಂದೆ ಹೋಗ್ಬೇಕಿತ್ತಲ್ಲ?"

ಎಲ್ಲರೂ ಬೆರಳು ಮಡಿಚಿದರು. ಲೆಕ್ಕ ಸರಿಯಾಗಿತ್ತು. ಎರಡು ಉಪಕಾರ ಒಂದನ್ನೊಂದು ತಿಂದು ಹಾಕಿದ ಮೇಲೆ, ಇನ್ನೊಂದು ಉಪಕಾರ ಎಲ್ಲಿಂದ ಬಂತು?

ವೀಬ್ಕೆಯ ಕಣ್ಣು ಆರಾಮಕುರ್ಚಿಯಿಂದಾಚೆ ಚಾಚಿದ್ದ ತಾತನ ಪಾದಗಳ ಮೇಲೆ ಬಿತ್ತು. ಕಾಲಲ್ಲಿದ್ದದ್ದು ಮರದ ಮೆಟ್ಟು. ಕಟ್ಟಲು ದಾರವೇ ಇಲ್ಲದ್ದು.

ಎಗ್ಗರ್ಟ್ ಕೂಡ ಅದನ್ನೇ ನೋಡುತ್ತಿದ್ದ. "ತಾತ," ಎಂದ ಮೆಲ್ಲಗೆ, "ನೀವು ಬೆಂಚಿನ ಹತ್ರ ಯಾವ ದಾರ ಕಟ್ಕೋತಿದ್ರಿ?"

ಗೊರಕೆ ನಿಂತಿತು. ಒಂದು ಕಣ್ಣು ತೆರೆಯಿತು.

"ನೀಲಿ ಮತ್ತೆ ಹಳದಿ," ಎಂದರು ತಾತ. "ಬೆಳಗ್ಗೆ ನಿನ್ನ ಗಾಡಿ ಹಿಂದೆ ಓಡಿದ್ದು ಬೇಲಿ ಸಂದೀಲಿ ಕಂಡೆ. ಮನಸ್ಸು ತಡೀಲಿಲ್ಲ ಕಣಪ್ಪ."

"ಅಂದ್ರೆ ನೀವು ನಿದ್ದೆ ಮಾಡ್ತಿರ್ಲಿಲ್ವಾ?" ಎಂದರು ಅಧ್ಯಕ್ಷೆ. ಕೆನೆ ಅವರ ಕಿವಿಯಿಂದ ಇಳಿಯುತ್ತಿತ್ತು.

"ಈ ವಯಸ್ಸಲ್ಲಿ ಮಧ್ಯಾಹ್ನ ಯಾರಿಗೆ ನಿದ್ದೆ ಬರುತ್ತಮ್ಮಾ? ಸುಮ್ನೆ ಗೊರಕೆ ಹೊಡೀತಿದ್ದೆ. ಗಾಡಿ ಪಾಸಾಗ್ಲಿ ಅಂತ."

"ಮತ್ತೆ ದೂರು ಕೊಟ್ಟವರು ನೀವೇ!"

ತಾತ ಮೀಸೆ ಒರೆಸಿಕೊಂಡರು. "ಆರು ಬೇಸಿಗೆ ನನ್ನ ಗೇಟಿನ ಮುಂದೆ ಓಡಿಸ್ದ. ಒಂದೇ ಒಂದು ಸಲ ನಿಲ್ಸಿ, 'ತಾತ, ನೀವೂ ಒಂದ್ಸಲ ಓಡಿಸ್ತೀರಾ' ಅಂತ ಕೇಳ್ಲಿಲ್ಲ. ಅದಕ್ಕೇ ಕೊಟ್ಟೆ."

ಎಗ್ಗರ್ಟ್‌ನ ಕಿವಿ ಕೆಂಪಾಯಿತು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಧ್ಯಕ್ಷೆ ಕೈ ಎತ್ತಿದರು.

"ತೀರ್ಮಾನ ಹೇಳ್ತೀನಿ. ಎಚ್ಚರವಾಗಿದ್ದವರಿಗೇ ಕೇಳಿಸ್ಲಿಲ್ಲ ಅಂದ್ಮೇಲೆ ಗಾಡಿ ಪಾಸು. ಅದು ಇಲ್ಲೇ ಇರುತ್ತೆ." ಎಲ್ಲರೂ ಬೆರಳ ತುದಿಯಲ್ಲೇ ಚಪ್ಪಾಳೆ ತಟ್ಟಿದರು. "ಆದ್ರೆ ಎಗ್ಗರ್ಟ್ ಅವರ ಬೆರಳು ಫೇಲು. ಮುಂದೆ ಯಾವ್ದು, ಹಿಂದೆ ಯಾವ್ದು ಅಂತ ಅದು ಕಲಿಯೋವರೆಗೂ, ಈ ಬೇಸಿಗೆ ಮುಗಿಯೋವರೆಗೂ ಅಂತಿಟ್ಕೊಳ್ಳಿ, ರಿಮೋಟು ತಾತನ ಕೈಯಲ್ಲಿರ್ಲಿ."

ಮರುದಿನ ಭಾನುವಾರ ಬೆಳಗ್ಗೆ ಎಗ್ಗರ್ಟ್ ಎಲ್ಲರಿಗಿಂತ ಮುಂಚೆ ಕಾಲೊನಿಗೆ ಬಂದ. ತಾತ ಟ್ರಕ್ಕಿನ ಮೇಲೆ ತಮ್ಮ ಹಳೆಯ ಉಣ್ಣೆಯ ಟೋಪಿ ಹೊದಿಸಿ, ಇಬ್ಬನಿ ತಾಗದಂತೆ ಬೆಂಚಿನ ಕೆಳಗೆ ಇಟ್ಟಿದ್ದರು. ಅದನ್ನು ನೋಡಿ ಎಗ್ಗರ್ಟ್‌ನ ಕೈ ಒಂದು ಕ್ಷಣ ತಡೆಯಿತು. ಆದರೂ, ತಾತನ ಬೆರಳೂ ಒಂದು ಸಲ ಫೇಲಾದರೆ ರಿಮೋಟು ವಾಪಸು ಬಂದೀತು ಎಂಬ ಆಸೆ ಬಿಡಲಿಲ್ಲ. ಸುತ್ತ ನೋಡಿದ, ಬೇಲಿಯ ಸಂದುಗಳನ್ನು ಬಿಟ್ಟು. ಜನ್ಮದಲ್ಲಿ ಮೊದಲ ಬಾರಿಗೆ ನಕ್ಷೆಗೆ ಬೆನ್ನು ಹಾಕಿ, ಎರಡು ತಂತಿ ಕಿತ್ತು ಅದಲು ಬದಲು ಮಾಡಿದ. ಆಮೇಲೆ ಟೋಪಿಯನ್ನು ಮೊದಲಿದ್ದ ಹಾಗೆಯೇ ಹೊದಿಸಿದ.

ಮಧ್ಯಾಹ್ನ ತಾತ ಅವನನ್ನೇ ತಮ್ಮ ಆರಾಮಕುರ್ಚಿಯಲ್ಲಿ ಕೂರಿಸಿ, ಮೊಣಕಾಲ ಮೇಲೆ ಕಂಬಳಿ ಹೊದಿಸಿ, "ನೀನು ಮಲ್ಕೋ ಮಗಾ" ಎಂದು ರಿಮೋಟು ಕೈಗೆತ್ತಿಕೊಂಡರು. ಎಗ್ಗರ್ಟ್ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಕಾದ.

ತಾತ ಕೊಕ್ಕೆಯನ್ನು ಎಳೆದರು. ಟ್ರಕ್ಕು ನೆಟ್ಟಗೆ, ಸದ್ದಿಲ್ಲದೆ, ಮುಂದಕ್ಕೆ ಓಡಿತು.

ಎಗ್ಗರ್ಟ್ ಇನ್ನೊಂದು ಕಣ್ಣನ್ನೂ ತೆರೆದ. ವೀಬ್ಕೆ ಸೇಬಿನ ಸಿಪ್ಪೆ ತೆಗೆಯುವುದರಲ್ಲಿ ಮುಳುಗಿದ್ದಳು. ಹಿನ್ನರ್ಕ್ ಆಕಾಶ ನೋಡುತ್ತಿದ್ದ. ಲೊರೆನ್ಸನ್ ಮೇಡಂ ಬೆರಳಿಗೆ ಹತ್ತಿದ್ದ ಗ್ರೀಸನ್ನು ಮೆಲ್ಲನೆ ಹುಲ್ಲಿಗೆ ಒರೆಸಿಕೊಳ್ಳುತ್ತಿದ್ದರು.

ಈ ಸಲ ಎಷ್ಟು ಜನ ಉಪಕಾರ ಮಾಡಿದರೆಂದು ಅವನು ಕೇಳಲು ಹೋಗಲಿಲ್ಲ. ಬೆಸಸಂಖ್ಯೆ ಎಂಬುದಂತೂ ಖಚಿತವಾಗಿತ್ತು.