ಹಿಮಾಲಯ ಯಾವ ಕಿಟಕಿಗೆ?

ಭೂಗೋಳ ಕಲಿಸಿದವರಿಗೆ ದಿಕ್ಕು ಗೊತ್ತಿರುತ್ತದೆ ಎಂದು ಲೋಕ ನಂಬಿದೆ. ಮೂವತ್ತು ವರ್ಷ ಟೀಚರಾಗಿ ದುಡಿದ ನಾನೂ ಅದನ್ನೇ ನಂಬಿದ್ದೆ. ಹುಬ್ಬಳ್ಳಿಯಿಂದ ಧಾರವಾಡದ ಶಾಲೆಗೆ ಹೋಗುವಾಗ ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಯಾವುದೆಂದು ಲೆಕ್ಕ ಹಾಕಿ ಕೂತು, ರಾಯಾಪುರ ಬರುವಷ್ಟರಲ್ಲಿ ಬೆವರಿ ತೊಯ್ದ ದಿನಗಳು ಎಷ್ಟೋ. ಆಗೆಲ್ಲ ರಸ್ತೆಯೇ ಸೊಟ್ಟಗಿದೆ ಎಂದು ಬೈದುಕೊಂಡೆನೇ ಹೊರತು ನನ್ನ ಲೆಕ್ಕದ ಮೇಲೆ ಸಂಶಯ ಪಡಲಿಲ್ಲ.

ಹೀಗಿರುವಾಗ ಬೈರಿದೇವರಕೊಪ್ಪದಲ್ಲಿರುವ ನಮ್ಮಕ್ಕನಿಗೆ ಹಿಮಾಲಯ ನೋಡುವ ಆಸೆ ಹುಟ್ಟಿತು. ಅವಳಿಗೆ ಎಪ್ಪತ್ತೆರಡು, ಮೊಣಕಾಲು ಎರಡೂ ಕೈಕೊಟ್ಟಿವೆ. "ನನಗ ಗುಡ್ಡಾ ಹತ್ತಾಕ ಆಗೂದಿಲ್ಲವಾ. ವಿಮಾನದ ಕಿಟಕ್ಯಾಗ ಒಂದ್ಸಲ ತೋರಿಸಿಬಿಡು, ಸಾಕು" ಎಂದಳು. ದಿಲ್ಲಿಯಿಂದ ಕಠ್ಮಂಡುವಿಗೆ ಹೋಗುವ ವಿಮಾನದ ಒಂದು ಬದಿಗೆ ಹಿಮಾಲಯ ಸಾಲಾಗಿ ಕಾಣುತ್ತದಂತೆ. ಯಾವ ಬದಿಗೆ ಎಂಬುದಷ್ಟೇ ಪ್ರಶ್ನೆ. ಮಗಳು ಮೊಬೈಲಿನಲ್ಲಿ ನೋಡಿ ಹೇಳುತ್ತೇನೆಂದಳು. ನನಗೆ ಅವಮಾನವೆನಿಸಿತು. ವಿದ್ಯಾನಗರದ ನಮ್ಮ ಮನೆಯಂಗಳದಲ್ಲಿ ಬೆಳಗಿನ ಸೂರ್ಯನಿಗೆ ಮುಖ ಮಾಡಿ ನಿಂತೆ. ವಿಮಾನ ಹೋಗುವುದು ಪೂರ್ವಕ್ಕೆ. 'ಉತ್ತರ' ಎಂದುಕೊಂಡ ಕೂಡಲೇ ಬಲಗೈ ತಾನಾಗಿ ಮೇಲೆದ್ದಿತು. ಹೋಗುವಾಗ ಬಲಗಡೆಯ ಕಿಟಕಿ, ಬರುವಾಗ ಎಡಗಡೆಯ ಕಿಟಕಿ ಕಾದಿರಿಸಿದೆ.

ವಿಮಾನ ಮೇಲೇರಿ ಅರ್ಧ ತಾಸಾಗಿರಬಹುದು, ಎಡಗಡೆಯವರೆಲ್ಲ ಮೊಬೈಲು ಹಿಡಿದು ಕಿಟಕಿಗೆ ಮುತ್ತಿಕೊಂಡರು. ನಮ್ಮ ಕಿಟಕಿಯಲ್ಲಿ ಕಣ್ಣು ಹರಿಯುವಷ್ಟು ದೂರ ಚಪ್ಪಟೆ ಹೊಲ. ಅಕ್ಕ ಬಹಳ ಹೊತ್ತು ಶ್ರದ್ಧೆಯಿಂದ ನೋಡಿದಳು. ಆಮೇಲೆ ಮೆಲ್ಲಗೆ, "ಇದನ್ನ ನೋಡಾಕ ನವಲಗುಂದದ ಬಸ್ ಸಾಕಾಗಿತ್ತಲ್ಲ ತಂಗಿ" ಎಂದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಆದರೆ ನೆಲ ಬಹಳ ಕೆಳಗಿತ್ತು.

ಕಠ್ಮಂಡುವಿನಲ್ಲಿ ಮೂರು ದಿನವೂ ಮೋಡ. ಒಂದು ಶಿಖರವೂ ಮುಖ ತೋರಿಸಲಿಲ್ಲ. ಇನ್ನುಳಿದದ್ದು ಮರಳುವ ವಿಮಾನವೊಂದೇ. ಹೊರಡುವ ದಿನ ಬೆಳಿಗ್ಗೆ ಅಕ್ಕ ಹೋಟೆಲಿನ ಮಂಚದ ಮೇಲೆ ಕೂತು, "ನೀ ಹೆಂಗ ಲೆಕ್ಕಾ ಹಾಕಿದಿ, ನನಗೊಮ್ಮೆ ಮಾಡಿ ತೋರಿಸು" ಎಂದಳು. ನಾನು ಎದುರಿಗೆ ನಿಂತು ತರಗತಿಯ ಧಾಟಿಯಲ್ಲೇ ಶುರು ಮಾಡಿದೆ: "ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ."

"ಎಡಗೈ ಅಂತಿ, ಬಲಗೈ ಎತ್ತೀಯಲ್ಲ?"

ಆಗ ಹೊಳೆಯಿತು. ಎದುರಿಗೆ ನಿಂತ ಮಕ್ಕಳು ನನ್ನನ್ನು ನೋಡಿ ಎಡಗೈ ಎತ್ತಲೆಂದು, ಬಾಯಲ್ಲಿ ಎಡಗೈ ಎನ್ನುತ್ತ ಮೂವತ್ತು ವರ್ಷ ನಾನು ಬಲಗೈ ಎತ್ತಿದ್ದೆ. ಮಕ್ಕಳೆಲ್ಲ ಸರಿಯಾಗಿಯೇ ಕಲಿತು ಹೋಗಿದ್ದರು. ತಪ್ಪು ಕಲಿತವಳು ನಾನೊಬ್ಬಳೇ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತನ್ನ ಹುಬ್ಬಳ್ಳಿ ಹಿಂದಿ ಶುರು ಮಾಡಿದಳು. ನಮ್ಮ ತಂಗಿ ಯಾವ ಕಡೆ ಸೀಟು ಹಿಡಿದಿದ್ದಾಳೋ ಅದರ ಎದುರಿನ ಕಡೆ ಕೊಡು, ಯಾಕೆಂದರೆ ಅವಳು ಟೀಚರು ಎಂದು ಅಲ್ಲಿದ್ದ ಹುಡುಗಿಗೆ ವಿವರಿಸಿದಳು. ಹುಡುಗಿಗೆ ಏನು ತಿಳಿಯಿತೋ, ನಕ್ಕು ಬಲಗಡೆಯ ಒಂದು ಕಿಟಕಿಯನ್ನೂ ಅದರ ಪಕ್ಕದ ಸೀಟನ್ನೂ ಕೊಟ್ಟಳು.

ವಿಮಾನ ಮೋಡದ ಮೇಲೆ ಬಂದಿತೋ ಇಲ್ಲವೋ, ಅಕ್ಕ ಕಿಟಕಿಗೆ ಹಣೆ ಹಚ್ಚಿದಳು. ನೋಡಿದರೆ ಎರಡೂ ಕೈ ಮುಗಿದಿದ್ದಳು. ಅಂತೂ ಅವಳಿಗೆ ಕಂಡಿತಲ್ಲ ಎಂದು ಸಂತೋಷವಾಯಿತು. ಸ್ವಲ್ಪ ಹೊತ್ತು ತಡೆದು, "ಅಕ್ಕಾ, ತುಸು ಸರಿ. ನಾನೂ ನೋಡ್ತೇನಿ" ಎಂದೆ.

ಅವಳು ತಿರುಗಲಿಲ್ಲ. "ನೀ ಮೂವತ್ತು ವರ್ಷ ನಕಾಶೆದಾಗ ನೋಡೀಯಲ್ಲ, ಸುಮ್ನ ಕುಂದ್ರು" ಎಂದಳು.

ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ, ಹಿಮಾಲಯ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು ಎಂದು ವರ್ಣಿಸುತ್ತಿದ್ದೇನೆ. ದಿಲ್ಲಿಯವರೆಗೂ ನಾನು ನೋಡಿದ್ದು ಅಕ್ಕನ ತುರುಬು. ಅದೂ ಬೆಳ್ಳಗೇ ಇತ್ತು.