ಮಶೂದರ ಮೂಗಿನ ಗ್ಯಾರಂಟಿ

ಕಡಬ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟ ಮಶೂದರಿಗೆ ಕಾಗದಪತ್ರಗಳ ಮೇಲೆ ನಂಬಿಕೆ ಇರಲಿಲ್ಲ. ಬಟ್ಟೆ ಗೊತ್ತಿಲ್ಲದವನು ಸರ್ಟಿಫಿಕೇಟು ಓದುತ್ತಾನೆ, ಗೊತ್ತಿದ್ದವನು ಒಂದು ನೂಲು ಸುಟ್ಟು ಮೂಸುತ್ತಾನೆ ಎಂಬುದು ಅವರ ಸಿದ್ಧಾಂತ. ಹತ್ತಿ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಸುಟ್ಟರೆ ಕೂದಲಿನ ವಾಸನೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಈ ಮೂಗು ಒಮ್ಮೆಯೂ ತಪ್ಪಿಲ್ಲ ಎಂದು ಅವರು ಹೇಳುತ್ತಿದ್ದರು. ಹೇಳುವವರನ್ನು ಯಾರೂ ತಡೆದಿರಲಿಲ್ಲ.

ಹಾಗಿರುವಾಗ ಪಂಜದಿಂದ ಹೇಮಶ್ರೀ ಟೀಚರ್ ಬಂದರು. ಅವರ ಶಾಲೆಯ ಮಕ್ಕಳು ವರ್ಷವಿಡೀ ರಸ್ತೆ ಬದಿಯ ಪ್ಲಾಸ್ಟಿಕ್ ಬಾಟಲಿ ಹೆಕ್ಕಿದ್ದರು. ಈಗ ಆಟೋಟಕ್ಕೆ ಇನ್ನೂರು ಟೀಶರ್ಟ್ ಬೇಕು, ಅದೂ ಹಳೆ ಬಾಟಲಿ ಕರಗಿಸಿ ಮಾಡಿದ ಬಟ್ಟೆಯದ್ದೇ ಬೇಕು. ಮಶೂದರ ಹತ್ತಿರ ಅಂಥ ಬಟ್ಟೆ ಎಂದು ಮಿಲ್ಲಿನವರು ಕಳಿಸಿದ ಒಂದು ತುಂಡು ಇತ್ತು.

"ಮಕ್ಕಳಿಗೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ ಮಶೂದರೇ. ಬಾಟಲಿಯದ್ದೇ ಹೌದು ಅಂತ ನೀವು ಸಹಿ ಹಾಕಿ ಕೊಡ್ಬೇಕು. ನಾನು ಅಸೆಂಬ್ಲಿಯಲ್ಲಿ ಓದ್ತೇನೆ."

"ಸಹಿ ಎಂತ ಟೀಚರ್, ಬೇಕಾದ್ರೆ ಹೆಬ್ಬೆಟ್ಟೂ ಒತ್ತುವ."

ಶುಕ್ರವಾರ ಜುಮಾ ನಮಾಜು ಮುಗಿಸಿ ಮನೆಗೆ ಬಂದವರೇ ಮಶೂದರು ಮೇಣದಬತ್ತಿ ಹಚ್ಚಿದರು. ನೆಂಟರು ಬಂದಾಗ ಮಾತ್ರ ಹೊರಬರುವ ಚಿನ್ನದ ಅಂಚಿನ ಸಾಸರುಗಳು ಮೇಜಿನ ಮೇಲೆ ಸಾಲಾಗಿ ಕುಳಿತವು.

"ಇದೆಂತ ಹೊಗೆ? ಹೊರಗೆ ಹೋಗಿ ಸುಡ್ಲಿಕ್ಕೆ ಆಗುದಿಲ್ವಾ?" ಅಡುಗೆಮನೆಯಿಂದ ಹೆಂಡತಿ ಝುಹ್ರಾ ಕೇಳಿದರು.

"ಗಾಳಿಗೆ ವಾಸನೆ ಹಾರ್ತದೆ. ಇದು ವಿಜ್ಞಾನ."

ಮಿಲ್ಲಿನ ತುಂಡಿನ ನೂಲು ಕರಗಿ ಮಣಿಯಾಯಿತು. ಅಂಗಡಿಯ ಹೊಚ್ಚಹೊಸ ಪಾಲಿಯೆಸ್ಟರೂ ಮಣಿಯಾಯಿತು. ನೀರಿನ ಬಾಟಲಿಯಿಂದ ಕತ್ತರಿಸಿದ ಚೂರೂ ಮಣಿಯೇ ಆಯಿತು. ವಾಸನೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಳೆ ಪ್ಲಾಸ್ಟಿಕ್ಕೋ ಹೊಸದೋ, ಬೆಂಕಿಗೆ ಅದರ ಚರಿತ್ರೆ ಬೇಡ. ಆದರೆ ಮಶೂದರಿಗೆ ಹೊಳೆದದ್ದು ಬೇರೆ. ಕಳೆದ ವಾರದ ಶೀತದಿಂದ ಮೂಗು ಕೆಟ್ಟಿರಬೇಕು. ಅನುಮಾನವೇ ಇಲ್ಲದ ಒಂದು ವಸ್ತುವಿನ ಮೇಲೆ ಮೂಗನ್ನು ಪರೀಕ್ಷಿಸಬೇಕು.

ಅಂಥ ವಸ್ತು ಮನೆಯಲ್ಲಿ ಒಂದೇ ಇತ್ತು. ಹದಿನೆಂಟು ವರ್ಷಗಳ ಹಿಂದೆ ತಾವೇ ಆರಿಸಿ ತಂದು, ಎರಡೂ ಕಡೆಯ ಹಿರಿಯರ ಎದುರು "ಅಪ್ಪಟ ರೇಷ್ಮೆ, ಗ್ಯಾರಂಟಿ" ಎಂದು ಬಿಡಿಸಿ ತೋರಿಸಿದ ಝುಹ್ರಾರ ಮದುವೆ ಸೀರೆ. ಕಪಾಟಿನಿಂದ ತೆಗೆದು ಒಳಅಂಚಿನ ಎರಡು ನೂಲು ಎಳೆದರು. ಗೇಣುದ್ದ ಅಂಚೇ ಬಿಚ್ಚಿಕೊಂಡು ಬಂತು. ಬಂದದ್ದನ್ನು ಬತ್ತಿಗೆ ಹಿಡಿದರು.

ಅದೂ ಕರಗಿ ಮಣಿಯಾಯಿತು. ಕೂದಲಿನ ವಾಸನೆ ಬರಲೇ ಇಲ್ಲ.

ಮಶೂದರು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತರು.

"ಝುಹ್ರಾ, ನನ್ನ ಮೂಗು ಹೋಯ್ತು. ಕೊರೊನಾ ಇರ್ಬೇಕು."

ಝುಹ್ರಾ ಬಂದು ಸೀರೆ ನೋಡಿದರು, ಸಾಸರು ನೋಡಿದರು. ಬೈಯಲಿಲ್ಲ.

"ಮೂಗಿಗೆ ಎಂತದೂ ಆಗ್ಲಿಲ್ಲ. ಅದು ರೇಷ್ಮೆ ಅಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

"ಮದುವೆಯ ನಂತರದ ಮೊದಲ ಪೆರ್ನಾಲ್ ಹಬ್ಬಕ್ಕೆ ಇಸ್ತ್ರಿ ಇಟ್ಟೆ, ಅಂಟಿತು. ಇಲ್ಲಿ ನೋಡಿ." ಮಡಿಕೆಯೊಳಗೆ ಅಂಗೈಯಗಲದ ಕರಗಿದ ಕಲೆ ಇತ್ತು. "ಅಂದಿನಿಂದ ಇದನ್ನು ನೆರಿಗೆಯ ಒಳಗೆ ಹಾಕಿ ಉಡುದು."

"ಹೇಳ್ಬಹುದಿತ್ತಲ್ಲಾ."

"ಎಲ್ಲರ ಎದುರು ಅಷ್ಟು ಖುಷಿಯಲ್ಲಿ ಹೇಳಿದ್ದೀರಿ. ಹೇಗೆ ಹೇಳುದು?"

ಮಶೂದರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು. ಝುಹ್ರಾ ನೆರಿಗೆಯೊಳಗೆ ಮುಚ್ಚಿಟ್ಟು ಕಾಪಾಡಿದಂಥದ್ದೇ ಇನ್ನೊಂದು ಗ್ಯಾರಂಟಿಯನ್ನು ನಂಬಿ ಆಟೋಟದ ದಿನ ಇನ್ನೂರು ಮಕ್ಕಳು ಬಿಸಿಲಲ್ಲಿ ಸಾಲು ನಿಲ್ಲುವವರಿದ್ದರು. ಆರ್ಡರ್ ಹೋದರೆ ಹೋಗಲಿ ಎಂದು ಫೋನ್ ತೆಗೆದು ಬರೆದರು:

"ಟೀಚರ್, ಬಟ್ಟೆ ಪ್ಲಾಸ್ಟಿಕ್ಕಿನದು ಹೌದು. ಬಾಟಲಿಯದ್ದೋ ಅಲ್ಲವೋ ಸುಟ್ಟು ಹೇಳಲು ನನಗೆ ಬರುವುದಿಲ್ಲ. ಬಾಟಲಿ ಎಲ್ಲಿಂದ ಬಂತು, ಯಾರು ನೂಲು ಮಾಡಿದರು ಎಂಬ ಕಾಗದಪತ್ರವನ್ನು ಮಿಲ್ಲಿನವರಿಂದ ಕೇಳುತ್ತೇನೆ. ಅದು ಕೈಗೆ ಬಾರದೆ ಸಹಿ ಹಾಕುವುದಿಲ್ಲ."

ಕಳಿಸಿ, ಸೀರೆಯನ್ನು ಮಡಚುತ್ತಾ ಮೆಲ್ಲಗೆ ಕೇಳಿದರು: "ಝುಹ್ರಾ, ನಾನು ಗ್ಯಾರಂಟಿ ಕೊಟ್ಟದ್ದು ಹೀಗೆ ಬೇರೆ ಎಂತಾದರೂ ಉಂಟಾ?"

ಝುಹ್ರಾ ಸಾಸರಿಗೆ ಅಂಟಿದ ಮಣಿಯನ್ನು ಉಗುರಿನಿಂದ ಕೆರೆಯುತ್ತಾ ಸ್ವಲ್ಪ ಯೋಚಿಸಿದರು.

"ಮೊದಲು ಊಟ ಮಾಡಿ. ಖಾಲಿ ಹೊಟ್ಟೆಯಲ್ಲಿ ಕೇಳಿ ಮುಗಿಯುದಿಲ್ಲ."